ನಾಲ್ಕು ಮೊಳದಾಚೆ

ಲೋಝಿಕ್ ಊರಿನ ಯೆಹೂದ್ಯ ಪ್ರಾರ್ಥನಾಮಂದಿರದ ಪರಿಚಾರಕ ಗೆತ್ಸಲ್ ಬೆಳಗಿನ ಪ್ರಾರ್ಥನೆಗೆ ಬಂದವರನ್ನು ಎಣಿಸುತ್ತಿದ್ದ. ಇಸ್ರಾಯೇಲಿನ ಮಕ್ಕಳ ತಲೆ ಎಣಿಸಬಾರದು, ಎಣಿಸಿದರೆ ಕೇಡು ಎಂಬ ಹಳೆಯ ಅಂಜಿಕೆಯಿಂದ "ಒಂದಲ್ಲ, ಎರಡಲ್ಲ, ಮೂರಲ್ಲ" ಎನ್ನುತ್ತ ಬೆರಳು ಮಡಿಸುತ್ತಿದ್ದ. ಎಣಿಸಿಯೂ ಎಣಿಸದಂತಿರುವ ಈ ಜಾಣತನ ಕಿವಿಗೆ ಬಿದ್ದಾಗಲೆಲ್ಲ ಪೂರ್ವದ ಗೋಡೆಗೆ ಒರಗಿ ಕೂತ ಅವಿಗ್ದೋರನಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಮೃತ್ಯುದೂತ ಇಷ್ಟು ಸುಲಭಕ್ಕೆ ಮೋಸಹೋಗುವ ಪೆದ್ದನಾಗಿದ್ದರೆ ಈ ಊರಿನ ಸ್ಮಶಾನ ಇಷ್ಟು ತುಂಬುತ್ತಿರಲಿಲ್ಲ. "ಎಂಟಲ್ಲ," ಎಂದ ಗೆತ್ಸಲ್, ಅವಿಗ್ದೋರನತ್ತ ಗಲ್ಲ ಎತ್ತಿ "ಒಂಬತ್ತಲ್ಲ" ಎಂದ. ಆಮೇಲೆ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಒಂದು ಕೋಳಿ ನಿಂತಿತ್ತು.

ತನ್ನನ್ನು ಬಿಟ್ಟು ಉಳಿದ ಎಂಟು ಮಂದಿಯನ್ನೂ ಅವಿಗ್ದೋರ್ ಒಬ್ಬೊಬ್ಬರನ್ನಾಗಿ ನೋಡಿದ, ಕೊಳ್ಳುವ ಮನಸ್ಸಿಲ್ಲದೆ ಸಂತೆಯಲ್ಲಿ ಹಣ್ಣು ಹಿಸುಕಿ ನೋಡುವವನ ಹಾಗೆ. ಪ್ರಾರ್ಥನೆ ನಡೆಸುವ ಖೊನೆ, ದೇವರಿಗೆ ಕಿವಿ ಮಂದ ಎಂದು ನಂಬಿ ಕೂಗುವವನು. ನೆಗಡಿಯಾದಾಗ ಮಾತ್ರ ಅವನ ಭಕ್ತಿ ಸಹ್ಯವಾಗುತ್ತಿತ್ತು. ಹದಿನಾಲ್ಕು ವರ್ಷಗಳಿಂದ ಪರಸ್ಪರ ಮಾತು ಬಿಟ್ಟು, 'ಆಮೆನ್' ಹೇಳುವುದರಲ್ಲಿ ಮಾತ್ರ ಪೈಪೋಟಿ ನಡೆಸುವ ಅಣ್ಣತಮ್ಮಂದಿರಿಬ್ಬರು. ಕಿವಿ ಕೇಳದೆ, ಉಳಿದವರು ಕೂರುವಾಗ ಏಳುವ, ಏಳುವಾಗ ಕೂರುವ ಹಿಟ್ಟಿನ ವ್ಯಾಪಾರಿ. ಮಿಕ್ಕವರು ಇದ್ದಾರೆ ಎಂಬುದಕ್ಕೆ ಅವರ ಕೆಮ್ಮೇ ಸಾಕ್ಷಿ. ಇವರ ನಡುವೆ ಹನ್ನೊಂದು ವರ್ಷ. ವಿಲ್ನಾದ ದೊಡ್ಡ ಪಾಠಶಾಲೆಯಲ್ಲಿ ಅವನು ಬಾಯಿ ತೆರೆದರೆ ಗುರುಗಳು ಓದುತ್ತಿದ್ದ ಪುಟದ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. ಇಲ್ಲಿ ಅವನು ಹೆಂಗಸರು ಬುಟ್ಟಿಯಲ್ಲಿ ತಂದ ಕೋಳಿಯ ಪಿತ್ತಕೋಶ ನೋಡಿ ತಿನ್ನಬಹುದೋ ಬಾರದೋ ಹೇಳುತ್ತಾನೆ. ಸಂಜೆ ಅರ್ಧ ನಿದ್ದೆಯಲ್ಲಿರುವ ಹತ್ತಾರು ಗಂಡಸರಿಗೆ ವಾರದ ಅಧ್ಯಾಯದ ಅರ್ಥ ಹೇಳುತ್ತಾನೆ. ಅವನು ಯಾವಾಗಲೂ ನೆಲ ನೋಡುತ್ತ ನಡೆಯುವುದನ್ನು ಕಂಡು ಊರು ಅವನನ್ನು ವಿನಯಶೀಲನೆಂದು ತೀರ್ಮಾನಿಸಿತ್ತು. ಆ ತೀರ್ಮಾನವನ್ನೂ ಅವನು ತಿರಸ್ಕಾರದಿಂದಲೇ ಒಪ್ಪಿಕೊಂಡಿದ್ದ.

ಆದರೆ ಇವತ್ತು ಅವರು ಬೇಕಾಗಿದ್ದರು. ಅವರೂ ಬೇಕು, ಇನ್ನೊಬ್ಬನೂ ಬೇಕು. ತಮ್ಮುಜ್ ತಿಂಗಳ ಹನ್ನೊಂದು, ಅಪ್ಪ ಸತ್ತ ದಿನ. ಸತ್ತವನಿಗಾಗಿ ಮಗ ಎದ್ದುನಿಂತು ಹೇಳಬೇಕಾದ ಕದ್ದಿಶ್ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಇರಲೇಬೇಕು. ಒಂಬತ್ತು ಮಂದಿ ಮಹರ್ಷಿಗಳಿದ್ದರೂ ನಡೆಯದು, ಹತ್ತು ಮಂದಿ ಕಳ್ಳರಿದ್ದರೆ ನಡೆದೀತು. ಊರಿನ ಉಳಿದ ಗಂಡಸರೆಲ್ಲ ನಿನ್ನೆ ಮಧ್ಯಾಹ್ನವೇ ಗಾಡಿ ಕಟ್ಟಿಕೊಂಡು ಕುದುರೆ ಜಾತ್ರೆಗೆ ಹೋಗಿದ್ದರು, ಬರುವುದು ನಾಳೆ. ಇವರ ಲೆಕ್ಕದಲ್ಲಿ ದಿನ ಶುರುವಾಗುವುದು ಹಿಂದಿನ ಸಂಜೆಗೆ; ನಿನ್ನೆ ಸಂಜೆ ಆಗಲಿಲ್ಲ. ಈಗ ಬೆಳಗ್ಗೆಯೂ ಆಗಲಿಲ್ಲ. ಉಳಿದದ್ದು ಸೂರ್ಯ ಮುಳುಗುವ ಮೊದಲಿನ ಇಳಿಹೊತ್ತಿನ ಪ್ರಾರ್ಥನೆಯೊಂದೇ. ಇಪ್ಪತ್ತಾರು ವರ್ಷಗಳಲ್ಲಿ ಅವನು ಒಮ್ಮೆಯೂ ತಪ್ಪಿಸಿದವನಲ್ಲ; ಯುದ್ಧದ ನಡುವೆ ಜರ್ಮನ್ ಸೈನಿಕರು ಕೂಡಿಹಾಕಿದ್ದ ಕೊಟ್ಟಿಗೆಯಲ್ಲೂ ಹತ್ತು ಮಂದಿ ಸಿಕ್ಕಿದ್ದರು. ಅಪ್ಪನಿಗೆ ಬದುಕಿದ್ದಾಗ ಕೊಡದೆ ಉಳಿಸಿಕೊಂಡದ್ದನ್ನು ವರ್ಷಕ್ಕೊಂದು ದಿನ ನಾಲ್ಕು ಸಾಲಿನಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ. ಈ ವರ್ಷ ಕೈ ತೊಳೆಯದೆ ಹಾಗೇ ಉಳಿಯುವಂತಿತ್ತು.

"ಹೊಳೆಯಾಚೆ ಒಬ್ಬ ಇದ್ದಾನಲ್ಲ," ಎಂದ ಖೊನೆ ಮೂಗು ಒರೆಸಿಕೊಳ್ಳುತ್ತ.

ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಬೇರೆ ಬೇರೆ ಕಿಟಕಿಗಳಾಚೆ ನೋಡಿದರು.

"ನಿನ್ನೆ ಸಾಯಂಕಾಲಾನೇ ಹೋಗಿದ್ದೆ ರೆಬ್ ಅವಿಗ್ದೋರ್," ಗೆತ್ಸಲ್ ತನ್ನ ಬೂಟಿಗೆ ಹೇಳುವ ಹಾಗೆ ಹೇಳಿದ. "ಬರಲ್ಲ ಅಂದ. ಕದ್ದಿಶ್ ಯಾರಿಗೆ ಬೇಕೋ ಅವರಿಗೆ ಕಾಲಿಲ್ವಾ ಅಂದ."

"ಅಷ್ಟೇನಾ ಅಂದದ್ದು?"

"ಇನ್ನೂ ಸ್ವಲ್ಪ ಅಂದ. ಅದು ಮಂದಿರದೊಳಗೆ ಹೇಳೋ ಅಂಥದ್ದಲ್ಲ."

ತೊಗಲು ಹದಮಾಡುವ ಫಾಲಿಕ್. ನಾಲ್ಕೈದು ತಿಂಗಳಿಂದ ಅವನು ಮಂದಿರಕ್ಕೆ ಬಂದಿರಲಿಲ್ಲ, ತನ್ನ ಅಂಗಳದಲ್ಲೇ ಒಬ್ಬನೇ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದ. ಅವನು ಬರುತ್ತಿದ್ದ ಕಾಲದಲ್ಲಿ ಬಾಗಿಲ ಪಕ್ಕದ ಕೊನೆಯ ಬೆಂಚು ಅವನದು. ಹೊಲಸಿನಿಂದ ನಾಲ್ಕು ಮೊಳದೊಳಗೆ ನಿಂತು ದೇವರ ಹೆಸರೆತ್ತಬಾರದೆಂಬ ಕಟ್ಟಳೆಯನ್ನು ಮುಂದಿಟ್ಟು, ಅಲ್ಲಿ ಕೂರಲು ಹೇಳಿದವನು ಅವಿಗ್ದೋರನೇ. ಕಟ್ಟಳೆಯಲ್ಲಿ ತಪ್ಪೇನಿರಲಿಲ್ಲ, ಕಟ್ಟಳೆಗಳಲ್ಲಿ ತಪ್ಪಿರುವುದಿಲ್ಲ. ಫಾಲಿಕ್ ಮರುದಿನವೇ ಮೊಳಕೋಲು ತಂದು, ಮುಂದಿನ ಬೆಂಚಿನಿಂದ ನಾಲ್ಕು ಮೊಳ ಅಳೆದು, ಅರ್ಧ ಗೇಣು ಹೆಚ್ಚಿಗೆ ಬಿಟ್ಟು ತನ್ನ ಬೆಂಚನ್ನು ಎಳೆದುಕೊಂಡಿದ್ದ. "ಸರಿಯಾಯ್ತಾ ರೆಬ್ಬೆ? ಇಲ್ಲ ಗೋಡೆ ಒಡೆಸಲಾ?" ಎಂದು ಕೇಳಿದ್ದ. ಜನ ನಕ್ಕಿದ್ದರು. ಯಾರ ಮೇಲೆ ನಕ್ಕರೆಂಬುದು ಅವಿಗ್ದೋರನಿಗೆ ಆ ರಾತ್ರಿಯಿಡೀ ಸ್ಪಷ್ಟವಾಗಿರಲಿಲ್ಲ.

ಹಾಗೆ ನೋಡಿದರೆ ಅವನು ಬರುವುದನ್ನು ನಿಲ್ಲಿಸಿದ್ದು ಬೆಂಚಿನಿಂದಲ್ಲ, ಗುಡಾರದಿಂದ. ಆ ವಾರದ ಪಾಠ ಮರಳುಗಾಡಿನಲ್ಲಿ ದೇವರಿಗೆ ಗುಡಾರ ಕಟ್ಟುವ ಅಧ್ಯಾಯ. ಕಿಟಕಿಗಳ ಮೇಲೆ ಹಿಮ ಕೂತಿತ್ತು, ಒಲೆಯ ಸುತ್ತ ಒದ್ದೆ ಕೋಟುಗಳು ಹಬೆಯಾಡುತ್ತಿದ್ದವು. ಅವಿಗ್ದೋರ್ ಆ ಸಂಜೆ ತನ್ನ ಅತ್ಯುತ್ತಮ ಸರಕನ್ನು ಬಿಚ್ಚಿದ್ದ: 'ನನಗಾಗಿ ಕಾಣಿಕೆ ತೆಗೆದುಕೊಳ್ಳಲಿ' ಎನ್ನುತ್ತದೆ ಧರ್ಮಗ್ರಂಥ ತೋರಾ. ಕೊಡಲಿ ಎನ್ನಬೇಕಾದಲ್ಲಿ ತೆಗೆದುಕೊಳ್ಳಲಿ ಎಂದು ಏಕೆ? ಬಾನೂ ಭೂಮಿಯೂ ಯಾರದೋ ಅವನಿಗೆ ಯಾರು ಏನು ಕೊಟ್ಟಾರು? ಕಾಣಿಕೆ ಕೊಟ್ಟೆನೆಂದುಕೊಳ್ಳುವವನು ನಿಜಕ್ಕೂ ಪಡೆಯುತ್ತಿರುತ್ತಾನೆ, ಕೊಡುವ ಕೈ ಕೆಳಗಿರುತ್ತದೆ, ತೆಗೆದುಕೊಳ್ಳುವ ಕೈ ಮೇಲಿರುತ್ತದೆ, ಆದ್ದರಿಂದ— ಇಲ್ಲಿಗೆ ಬಂದಾಗ, ಈ 'ಆದ್ದರಿಂದ'ದ ಮುಂದೆ ಮೂವತ್ತು ವರ್ಷಗಳ ಚಿಂತನೆ ಹೂ ಬಿಡಲಿದ್ದ ಕ್ಷಣದಲ್ಲಿ, ಬಾಗಿಲ ಪಕ್ಕದಿಂದ ಫಾಲಿಕ್ ಕೇಳಿದ್ದ: "ರೆಬ್ಬೆ, ಒಂದು ಮಾತು. ಗುಡಾರದ ಮೇಲೆ ತೊಗಲು ಹೊದಿಸಿದ್ರು ಅಂತೀರಿ. ಟಗರಿಂದು, ಇನ್ನೊಂದು ಆ ಬಣ್ಣಬಣ್ಣದ ಪ್ರಾಣೀದು. ಚಿನ್ನದ ಕೆಲಸ ಯಾರು ಮಾಡಿದ್ರು ಅಂತ ಹೆಸರು ಬರೆದಿದೆ. ಹೆಂಗಸರು ನೂಲು ನೂತದ್ದು ಬರೆದಿದೆ. ತೊಗಲು ಹದಮಾಡಿದ್ದು ಯಾರು? ಯಾತರಲ್ಲಿ ಮಾಡಿದ್ರು?"

ಪ್ರಶ್ನೆ ಒಳ್ಳೆಯದಾಗಿತ್ತು. ಅದೇ ಕೇಡು. ಮೂವತ್ತು ವರ್ಷಗಳಲ್ಲಿ ಅವನಿಗೇ ಹೊಳೆಯದಿದ್ದ ಪ್ರಶ್ನೆ. ಅದರ ಹಿಂದೆಯೇ, ಕರೆಯದೆ ಬಂದ ನೆಂಟನ ಹಾಗೆ, ಉತ್ತರವೂ ಎದ್ದುಬಂದು ನಾಲಿಗೆಯ ಬುಡದಲ್ಲಿ ಕೂತಿತ್ತು. ಹಿರಿಯರು ಹೇಳಿದ ಹಳೆಯ ಮಾತೊಂದಿತ್ತು, ಈ ಪ್ರಶ್ನೆಗೆಂದೇ ಕಾದಿಟ್ಟಂತಿದ್ದ ಮಾತು. ಆದರೆ ಅದನ್ನು ಹೇಳಬೇಕಾದರೆ ಒಂದು ಶಬ್ದ ಬಾಯಿಂದ ಬರಬೇಕಾಗಿತ್ತು. ಆ ಶಬ್ದವನ್ನು ಅವಿಗ್ದೋರ್ ಹದಿಮೂರನೆಯ ವಯಸ್ಸಿನಿಂದ ಉಚ್ಚರಿಸಿರಲಿಲ್ಲ. "ಯಾರು ಮಾಡಿದ್ರೋ," ಎಂದಿದ್ದ, "ನಿನ್ನಂಥವನೇ ಇರಬೇಕು. ಮರಳುಗಾಡಲ್ಲಿ ದಾರಿ ತೋರಿಸ್ತಿದ್ದ ದೇವರ ಮೇಘಸ್ತಂಭ ಯಾಕೆ ಯಾವಾಗಲೂ ಜನರಿಗಿಂತ ಮುಂದೆ ಮುಂದೆ ಓಡ್ತಿತ್ತು ಅಂದ್ಕೊಂಡಿದೀಯ?" ಒಲೆಯ ಸುತ್ತಲಿನ ಕೋಟುಗಳೆಲ್ಲ ಅಲುಗಾಡಿದವು. ಹಿಟ್ಟಿನ ವ್ಯಾಪಾರಿಗೆ ಯಾರೋ ಕಿವಿಯಲ್ಲಿ ಕೂಗಿ ಹೇಳಿದ ಮೇಲೆ, ಉಳಿದವರ ನಗು ಮುಗಿದಾಗ, ಅವನು ಒಬ್ಬನೇ ಇನ್ನೊಮ್ಮೆ ನಕ್ಕ. ಫಾಲಿಕ್ ಎದ್ದು, ಬೆಂಚನ್ನು ಗೋಡೆಗೆ ಸರಿಸಿಟ್ಟು, ಹಿಮದೊಳಕ್ಕೆ ಹೋಗಿದ್ದ. ಆ ನಗೆಮಾತು ಮೂರು ಊರು ದಾಟಿತು. ಅವಿಗ್ದೋರನ ಹೆಸರಿನಲ್ಲಿ ಊರು ದಾಟಿದ್ದು ಅದೊಂದೇ.

ಮನೆಯಲ್ಲಿ ಹೆಂಡತಿ ಝ್ಲಾಟೆ ಮಂದಿರದಲ್ಲಿ ಹಂಚಲೆಂದು ಜೇನಿನ ಕೇಕು ಕೊಯ್ದು ಬಟ್ಟೆ ಮುಚ್ಚಿಟ್ಟಿದ್ದಳು. ಪಕ್ಕದಲ್ಲಿ ಸಾರಾಯಿಯ ಸೀಸೆ. ಗಂಡನ ಮುಖ ನೋಡಿ ಹೆಚ್ಚೇನನ್ನೂ ಕೇಳಬೇಕಾದ ಅಗತ್ಯ ಅವಳಿಗೆ ಕಾಣಲಿಲ್ಲ.

"ಒಂಬತ್ತು ಜನಾನಾ?"

"ಒಂಬತ್ತು."

"ಹೋಗಿ ಕರೀರಿ ಮತ್ತೆ ಆ ಫಾಲಿಕ್‌ನ. ಏನು, ನಿಮ್ಮನ್ನ ಸುಣ್ಣದ ಗುಂಡಿಗೆ ಹಾಕ್ತಾನಾ?"

"ಅಂಥವನ ಹತ್ರ ಹೋಗಿ ಕೈಮುಗಿದು..."

"ನಿಮ್ಮಪ್ಪ ತೊಗಲಿನ ಕಾಗದದ ವ್ಯಾಪಾರಿ ಅಂತೀರಿ. ತೋರಾ ಬರೆಯೋ ತೊಗಲು ಮಾರ್ತಿದ್ರು ಅಂತ ನಮ್ಮ ಮನೆಯವರಿಗೆ ಹೇಳೇ ಅಲ್ವಾ ನನ್ನ ಮದುವೆ ಆದದ್ದು? ಆ ತೊಗಲು ಏನು ಹದ ಆಗಿ ಮರದಲ್ಲಿ ಬೆಳೀತಿತ್ತಾ? ಅವರೂ ಇಂಥವರ ಅಂಗಳಕ್ಕೆ ಹೋಗ್ತಿದ್ದವರೇ." ಅವಳು ಬಟ್ಟೆಯ ತುದಿಯನ್ನು ಕೇಕಿನ ಸುತ್ತ ಸಿಕ್ಕಿಸಿದಳು. "ಹೋಗೋದಾದ್ರೆ ಆ ಒಳ್ಳೇ ಕೋಟು ಬಿಚ್ಚಿಟ್ಟು ಹೋಗಿ."

ಅವನು ಒಳ್ಳೆಯ ಕೋಟನ್ನೇ ಹಾಕಿಕೊಂಡು ಹೊರಟ. ಮಧ್ಯಾಹ್ನದವರೆಗೆ ಕೂತದ್ದಾಗಿತ್ತು, ತನ್ನ ಹಸ್ತಪ್ರತಿಯನ್ನು ಬಿಚ್ಚಿಕೊಂಡು ಕೂತಿದ್ದ, ಯಾರಾದರೊಬ್ಬ ದಾರಿಹೋಕ ಯೆಹೂದ್ಯ ಊರೊಳಗೆ ಬಂದಾನೆಂದು ಕಿಟಕಿಯಲ್ಲಿ ಕಣ್ಣಿಟ್ಟು. ಬಂದದ್ದು ಅಂಚೆಯವನು, ಅವನು ಕ್ರೈಸ್ತ. ಹಸ್ತಪ್ರತಿ ಗುಡಾರದ ಕುರಿತದ್ದು: ಹಲಗೆ, ಗೂಟ, ಪರದೆ, ಧೂಪ. ಅದರಲ್ಲಿ ಅವನಿಗೆ ಅತ್ಯಂತ ಪ್ರಿಯವಾದದ್ದು ಧೂಪದ ಭಾಗ. ಧೂಪಕ್ಕೆ ಹನ್ನೊಂದು ಪದಾರ್ಥ. ಅವುಗಳಲ್ಲಿ ಒಂದು ಹೆಲ್ಬೆನಾ ಎಂಬ ಅಂಟು, ನಾರುವಂಥದ್ದು. ಸುವಾಸನೆಯ ನಡುವೆ ಇದನ್ನೇಕೆ ಸೇರಿಸಿದರು? ಪಾಪಿಗಳನ್ನು ಹೊರಗಿಟ್ಟು ಮಾಡಿದ ಪ್ರಾರ್ಥನೆ ಪ್ರಾರ್ಥನೆಯಲ್ಲವೆಂದು ತೋರಿಸಲು, ಎಂದರು ಹಿರಿಯರು. ಅದನ್ನು ಬಿಟ್ಟು ಧೂಪ ಹಾಕಿದವನಿಗೆ ಮರಣವೇ ಶಿಕ್ಷೆ. ಇದರ ಮೇಲೆ ಅವಿಗ್ದೋರ್ ಮೂವತ್ತಾರು ಪುಟ ಬರೆದಿದ್ದ. ಆ ಮೂವತ್ತಾರು ಪುಟಗಳನ್ನು ಬರೆದ ಬೇಸಗೆಯಲ್ಲಿ ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡಿದ್ದ; ಆ ವರ್ಷ ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು.

ಸಂತೆಬೀದಿ ಖಾಲಿಯಿತ್ತು. ಅವನು ನೆಲ ನೋಡುತ್ತ ನಡೆದ. ಸೌತೆಕಾಯಿಯ ಬುಟ್ಟಿ ಮುಂದಿಟ್ಟುಕೊಂಡಿದ್ದ ಮುದುಕಿಯೊಬ್ಬಳು ಅವನಿಗಾಗಿ ಅರ್ಧ ಎದ್ದು ಮತ್ತೆ ಕೂತಳು. ಕಲ್ಲು, ಹುಲ್ಲು, ಕುದುರೆಯ ಲದ್ದಿ, ಒಣಗಿದ ಕೆಸರು. ಬೇಲಿಯ ಬುಡ ಬಂದಾಗ ಕಣ್ಣು ತಾನಾಗಿ ಆ ಕಡೆ ಹೊರಳುತ್ತದೆ, ನಾಯಿಗಳಿಗೆ ಬೇಲಿಯ ಬುಡ ಇಷ್ಟ, ಒಣಗಿ ಬೆಳ್ಳಗಾದದ್ದು ಒಳ್ಳೆಯದು, ಹಸಿಯದು ಕೈಗೆ ಅಂಟುತ್ತದೆ. ಅಪ್ಪನ ತಗಡಿನ ಬಕೆಟ್ಟಿಗೆ ಮರದ ಮುಚ್ಚಳವಿತ್ತು, ಮುಚ್ಚಳಕ್ಕೆ ಹಗ್ಗದ ಹಿಡಿ. ಸ್ಮೊರ್ಗೊನ್ ಊರಿನ ಹೆಂಗಸರು ಅಪ್ಪ ಬಂದರೆ ಮೂಗು ಮುಚ್ಚಿಕೊಂಡು ಕೂಗುತ್ತಿದ್ದರು: ಬಂದ್ರಪ್ಪ, ಅತ್ತರಿನ ಸಾಹುಕಾರರು ಬಂದ್ರು! ಅಪ್ಪ ಟೋಪಿ ಎತ್ತಿ ವಂದಿಸುತ್ತಿದ್ದ. ಅವಿಗ್ದೋರ್ ಪಾಠಶಾಲೆಯ ಗೆಳೆಯರಿಬ್ಬರೊಡನೆ ವಾದ ಮಾಡುತ್ತ ಬರುತ್ತಿದ್ದ ಒಂದು ಮಧ್ಯಾಹ್ನ, ವಾದದಲ್ಲಿ ತಾನು ಗೆಲ್ಲುತ್ತಿದ್ದ, ಎದುರಿನಿಂದ ಬಕೆಟ್ಟು ಬಂತು. ಅವನು ನಿಲ್ಲಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಮಗ ಬೀದಿ ದಾಟುವ ಮೊದಲೇ ಅಪ್ಪ ಗೋಡೆಗಳ ನಡುವಿನ ಓಣಿಯೊಂದಕ್ಕೆ ನುಗ್ಗಿಬಿಟ್ಟಿದ್ದ, ಪೋಲೀಸರಿಂದ ತಪ್ಪಿಸಿಕೊಳ್ಳುವವನ ಹಾಗೆ. ಆ ಓಣಿಗೆ ಆಚೆ ದಾರಿಯಿರಲಿಲ್ಲ. ಅಲ್ಲೇ, ಗೋಡೆಗೆ ಮುಖಮಾಡಿ, ಅವರು ಹಾದುಹೋಗುವವರೆಗೂ ನಿಂತಿದ್ದ. ಆಮೇಲೆ ವಿಲ್ನಾಕ್ಕೆ ವರ್ಷಕ್ಕೊಮ್ಮೆ ಮಗನನ್ನು ನೋಡಲು ಬಂದಾಗ ಪಾಠಶಾಲೆಯ ಹೊರಗೆ, ಬೀದಿಯಾಚೆ, ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿಕೊಂಡು ನಿಲ್ಲುತ್ತಿದ್ದ. ಯಾರೂ ಅವನಿಗೆ ಹಾಗೆ ನಿಲ್ಲಲು ಹೇಳಿರಲಿಲ್ಲ. ಹೇಳಬೇಕಾದ ಕಷ್ಟವನ್ನೂ ಮಗನಿಗೆ ಅವನು ಕೊಟ್ಟಿರಲಿಲ್ಲ.

ಸೇತುವೆ ದಾಟುವ ಮೊದಲೇ ವಾಸನೆ ಬಂತು. ಸುಣ್ಣ, ಓಕ್ ಮರದ ತೊಗಟೆ, ಹಳೆಯ ಕೊಬ್ಬು. ಅವುಗಳ ತಳದಲ್ಲಿ, ಇನ್ನೊಂದು.

ಫಾಲಿಕ್ ಕಮಾನಿನಂಥ ಮರದ ದಿಮ್ಮಿಯ ಮೇಲೆ ತೊಗಲೊಂದನ್ನು ಹರಡಿ, ಎರಡು ಹಿಡಿಯ ಕತ್ತಿಯಿಂದ ಕೂದಲು ಹೆರೆಯುತ್ತಿದ್ದ. ಅಗಲ ಭುಜದ, ಐವತ್ತರ ಆಸುಪಾಸಿನ ಮನುಷ್ಯ, ಗಡ್ಡಕ್ಕೆ ಸುಣ್ಣ ಮೆತ್ತಿತ್ತು. ತಲೆಯೆತ್ತಿ ನೋಡಿ ಮತ್ತೆ ಹೆರೆಯತೊಡಗಿದ.

"ಶುಭವಾಗಲಿ ರೆಬ್ ಫಾಲಿಕ್," ಎಂದ ಅವಿಗ್ದೋರ್, ಆ ಹೆಸರಿಗೆ ಮೊದಲ ಸಲ ಗೌರವದ 'ರೆಬ್' ಸೇರಿಸಿ.

ಕತ್ತಿ ನಿಂತಿತು. "ಓಹೋ. ಇವತ್ತು ರೆಬ್ ಆದ್ನಾ ನಾನು? ಒಂದು ಗಂಡಸು ಕಮ್ಮಿ ಬಿದ್ದ ಕೂಡಲೇ ರೆಬ್ಬು. ಎರಡು ಕಮ್ಮಿ ಬಿದ್ದಿದ್ರೆ ಏನಂತಿದ್ರಿ, ಮಹಾಗುರುಗಳು ಅಂತಿದ್ರಾ?"

"ನೀವು ಬರಬೇಕು. ನನ್ನ ತಂದೆಯ ದಿನ."

"ಗೊತ್ತು. ತಮ್ಮುಜ್ ಹನ್ನೊಂದು." ಕೂದಲನ್ನು ಕತ್ತಿಯಿಂದ ಒರೆಸಿ ಕೊಡವಿದ. "ಬರ್ತೀನಿ. ಆದ್ರೆ ನಾನು ಆವತ್ತು ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಬರಲಿಲ್ಲ. ನಗು ಬಂತು. ಉತ್ತರ ಕೊಡಿ, ಬರ್ತೀನಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ಆಗ್ಲೂ ಬರ್ತೀನಿ. ನಿಮ್ಮಂಥವರ ಬಾಯಲ್ಲಿ ಗೊತ್ತಿಲ್ಲ ಅನ್ನೋದನ್ನ ಕೇಳೋದಕ್ಕೆ ಹೊಳೆ ಈಜಿಕೊಂಡಾದ್ರೂ ಬರಬಹುದು."

ಗೊತ್ತಿಲ್ಲ ಎಂದುಬಿಡುವುದು ಎಷ್ಟು ಸುಲಭವಾಗಿತ್ತು. ಅವಿಗ್ದೋರ್ ಬಾಯಿ ತೆರೆದ. ಮೂವತ್ತು ವರ್ಷಗಳ ಅಹಂಕಾರ ಒಂದು ಕಡೆಯಿಂದ, ಆ ಶಬ್ದ ಇನ್ನೊಂದು ಕಡೆಯಿಂದ ನಾಲಿಗೆಗೆ ಒಟ್ಟಿಗೆ ಬಂದು ನೂಕಾಡಿದವು. ಕೊನೆಗೆ ಗೆದ್ದದ್ದು ಅಹಂಕಾರವೇ. ಗೊತ್ತಿರುವುದನ್ನು ಗೊತ್ತಿಲ್ಲವೆನ್ನಲು ಆ ಮನುಷ್ಯನಿಂದ ಆಗಲಿಲ್ಲ.

"ನಮ್ಮವರು ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ರಾತ್ರಿ," ಎಂದು ಶುರುಮಾಡಿದ, ಪಾಠದ ದನಿಯಲ್ಲಿ, ಸುಣ್ಣದ ಗುಂಡಿಯನ್ನು ನೋಡುತ್ತ, "ಆ ದೇಶದವರ ಮನೆಮನೆಯಲ್ಲೂ ಸಾವಾಗಿದ್ದರೂ ನಮ್ಮವರ ಕಡೆ ಒಂದು ನಾಯಿಯೂ ಬೊಗಳಲಿಲ್ಲ. ಹಾಗಂತ ಬರೆದಿದೆ. ಅದಕ್ಕೆ ದೇವರು ಅವುಗಳಿಗೆ ಸಂಭಾವನೆ ಕೊಟ್ಟ ಅಂತ ಹಿರಿಯರು ಹೇಳ್ತಾರೆ. ಏನು ಅಂದ್ರೆ... ತೋರಾ ಬರೆಯೋ ತೊಗಲು, ಹಣೆಗೆ ಕೈಗೆ ಕಟ್ಟಿಕೊಳ್ಳೋ ಪೆಟ್ಟಿಗೆಗಳ ತೊಗಲು, ಬಾಗಿಲ ಚೌಕಟ್ಟಿಗೆ ಹೊಡೆಯೋ ಬರಹದ ತೊಗಲು, ಇವೆಲ್ಲ ಹದ ಆಗೋದು ಅವುಗಳ... ನಾಯಿಗಳ..."

"ಹೇಲಲ್ಲಿ," ಎಂದ ಫಾಲಿಕ್.

"ಹೇಲಲ್ಲಿ," ಎಂದ ಅವಿಗ್ದೋರ್.

ಫಾಲಿಕ್ ಕತ್ತಿಯನ್ನು ದಿಮ್ಮಿಯ ಮೇಲಿಟ್ಟ. "ಬರೆದಿದೆಯಾ ಹಂಗಂತ? ನಿಜವಾಗ್ಲೂ?"

"ಬರೆದಿದೆ."

"ಆವತ್ತೇ ಗೊತ್ತಿತ್ತಾ ಇದು ನಿಮಗೆ?"

"ಗೊತ್ತಿತ್ತು."

"ಮೂವತ್ತು ವರ್ಷದಿಂದ ಈ ಅಂಗಳದಲ್ಲಿ ಕೈ ಅದ್ದುತಾ ಇದೀನಿ. ನಮ್ಮಪ್ಪ ಅದ್ದಿದ. ಹೆಂಡತಿ ಹಾಸಿಗೆಯಲ್ಲಿ ಮುಖ ಆ ಕಡೆ ತಿರುಗಿಸಿ ಮಲಗಿದ್ಲು ಸಾಯೋವರೆಗೂ. ಒಂದು ಮಾತು ಇತ್ತು ನಮಗೋಸ್ಕರ, ಅದನ್ನ ನೀವು ಬಾಯೊಳಗಿಟ್ಟುಕೊಂಡು ಕೂತಿದ್ರಿ." ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೆರಗಿತ್ತು, ಕಳ್ಳನ ಮನೆಯಲ್ಲಿ ತನ್ನ ವಸ್ತುವನ್ನು ಕಂಡವನ ಬೆರಗು. "ಬೇರೆ ಯಾರಾದ್ರೂ ಆಗಿದ್ರೆ ಸರಿ. ನಿಮ್ಮಿಂದ ಹೆಂಗಾಯ್ತು ಅದು? ಯೆಖೀಯೇಲನ ಮಗ ನೀವು."

ಅವಿಗ್ದೋರನಿಗೆ ಕಿವಿಯೊಳಗೆ ನೀರು ನುಗ್ಗಿದಂತಾಯಿತು.

"ಸ್ಮೊರ್ಗೊನ್‌ನಲ್ಲಿ ನಮ್ಮಪ್ಪನ ಅಂಗಳಕ್ಕೆ ಬರ್ತಿದ್ರು, ದಿನಾ ಬೆಳಗ್ಗೆ. ಮರದ ಮುಚ್ಚಳದ ಬಕೆಟ್ಟು. ನೀವು ಈ ಊರಿಗೆ ಬಂದ ವಾರವೇ ನನಗೆ ಗೊತ್ತಾಯ್ತು. ತೋರಾ ಓದೋಕೆ ಕರೆದಾಗ 'ಯೆಖೀಯೇಲನ ಮಗ ಅವಿಗ್ದೋರ್' ಅಂದ್ರು, ಇರಬಹುದು, ಎಷ್ಟೋ ಜನ ಯೆಖೀಯೇಲರಿದ್ದಾರೆ ಅಂದ್ಕೊಂಡೆ. ಆಮೇಲೆ ನೀವು ಬೀದೀಲಿ ನಡೆಯೋದು ನೋಡಿದೆ. ಹಂಗೇ, ತಲೆ ಬಗ್ಗಿಸಿಕೊಂಡು, ಬೇಲಿ ಬುಡ ನೋಡ್ಕೊಂಡು. ಜನ ಏನು ವಿನಯ ಏನು ವಿನಯ ಅಂತಿದ್ರು. ನಾನು ಒಳಗೊಳಗೇ, ಅಯ್ಯೋ ಇವರು ಹುಡುಕ್ತಾ ಇದಾರೆ ಕಣ್ರಯ್ಯಾ ಅಂದ್ಕೊಳ್ತಿದ್ದೆ."

"ಯಾರಿಗೆ ಹೇಳಿದ್ದೀರಿ?"

ಫಾಲಿಕ್ ಅವನನ್ನು ನೋಡಿದ ನೋಟದಲ್ಲಿ ತಿರಸ್ಕಾರವಿತ್ತು. ಬೇರೆಯವರ ಮುಖದಲ್ಲಿ ಅದು ಹೇಗೆ ಕಾಣುತ್ತದೆಂಬುದನ್ನು ಅವಿಗ್ದೋರ್ ಮೊದಲ ಸಲ ಕಂಡ. ಅದು ಚೆನ್ನಾಗಿರಲಿಲ್ಲ. "ಹನ್ನೊಂದು ವರ್ಷ ಆಯ್ತು," ಎಂದ ಫಾಲಿಕ್. "ಮೊದಲ ಪ್ರಶ್ನೆ ಇದಾ?"

ಕತ್ತಿಯನ್ನು ತೊಳೆದು ಗೂಡಿನಲ್ಲಿಟ್ಟು ಅವನು ಬಾವಿಕಟ್ಟೆಗೆ ಹೋದ. ನೀರು ಸೇದಿದ. ಬೂದಿ ತಂದ, ಮರಳು ತಂದ. ಮೊಣಕೈವರೆಗೆ ಬೂದಿ ಹಚ್ಚಿ, ಮರಳಿನಿಂದ ಉಜ್ಜಿ, ತೊಳೆದು, ಮೂಸಿ ನೋಡಿ ಮತ್ತೆ ಹಚ್ಚಿದ. ಗಡ್ಡದ ಸುಣ್ಣ ಕಳೆಯಲು ವಿನೆಗರು ಬೇಕಾಯಿತು. ಉಗುರುಗಳಿಗೆ ಒಂದು ಕಡ್ಡಿ ಬೇಕಾಯಿತು. ಕಡ್ಡಿಗಾಗಿ ಅವನು ಅಂಗಳದ ಆ ತುದಿಗೆ ಹೋದ. ಸೂರ್ಯ ಪೈನ್ ಮರಗಳ ತಲೆ ಮುಟ್ಟಿದ್ದ.

"ಸಾಕು, ಹಾಗೇ ಬನ್ನಿ," ಎಂದ ಅವಿಗ್ದೋರ್. "ಹೊತ್ತು ಮುಳುಗುತ್ತೆ."

"ಹಾಗೇನಾ? ನಾಲ್ಕು ಮೊಳದ ಕಟ್ಟಳೆ ಏನಾಯ್ತು?" ಫಾಲಿಕ್ ಎಡಗೈಯ ಕಿರುಬೆರಳಿಗೆ ಬಂದಿದ್ದ. "ನೀವೇ ಹೇಳಿದ ಕಟ್ಟಳೆ ರೆಬ್ಬೆ. ಸುಮ್ನೆ ಮುರಿಯೋಕಾಗುತ್ತಾ? ನಿಮ್ಮ ತಂದೆಯ ಕದ್ದಿಶ್ ಅಶುದ್ಧ ಆಗಿಬಿಟ್ರೆ?" ಅವನು ಅಣಕಿಸುತ್ತಿದ್ದನೋ, ಇಲ್ಲ ನಿಜವಾಗಿಯೂ ಯೆಖೀಯೇಲನಿಗಾಗಿ ಸರಿಯಾಗಿ ತೊಳೆದುಕೊಳ್ಳುತ್ತಿದ್ದನೋ ಹೇಳುವ ಹಾಗಿರಲಿಲ್ಲ. ಬಹುಶಃ ಎರಡೂ. ಅವಿಗ್ದೋರ್ ಒಳ್ಳೆಯ ಕೋಟಿನಲ್ಲಿ ಬೆವರುತ್ತ ನಿಂತು, ಎರಡನೆಯ ಬಕೆಟ್ಟು ನೀರನ್ನು ತಾನೇ ಸೇದಿದ; ಬಗ್ಗಿ, ಆ ಮನುಷ್ಯನ ಕೈಗಳ ಮೇಲೆ ಹೊಯ್ದ. ಆಶೀರ್ವಾದಕ್ಕೆ ಮೊದಲು ಯಾಜಕರ ಕೈಗೆ ಸೇವಕ ಕುಲದ ಲೇವಿಯರು ನೀರು ಹೊಯ್ಯುವ ರೀತಿಯ ಬಗ್ಗೆ ಅವನ ಹಸ್ತಪ್ರತಿಯಲ್ಲಿ ಒಂದು ಟಿಪ್ಪಣಿಯಿತ್ತು. ಟಿಪ್ಪಣಿಯಲ್ಲಿ ಸೊಂಟ ನೋಯುತ್ತಿರಲಿಲ್ಲ.

ಅವರು ಮಂದಿರಕ್ಕೆ ಬಂದಾಗ ಕಿಟಕಿಯ ಮೇಲಿನ ಗಾಜಿನಲ್ಲಿ ಮಾತ್ರ ಬಿಸಿಲಿತ್ತು. ಖೊನೆ ಒಂದೇ ಉಸಿರಿನಲ್ಲಿ ಪ್ರಾರ್ಥನೆ ಮುಗಿಸಿದ, ಜಾತ್ರೆಗೆ ಹೊರಟ ಗಾಡಿ ಹಿಡಿಯುವವನ ಹಾಗೆ. ಅವಿಗ್ದೋರ್ 'ಹಿರಿದಾಗಲಿ, ಪವಿತ್ರವಾಗಲಿ ಆತನ ಮಹಾನಾಮ' ಎಂದು ಶುರುಮಾಡಿದಾಗ ಬಾಗಿಲ ಪಕ್ಕದ ಬೆಂಚಿನಿಂದ ಉತ್ತರವಾಗಿ ಬಂದ 'ಆಮೆನ್' ಅಣ್ಣತಮ್ಮಂದಿರಿಬ್ಬರ ದನಿಯನ್ನೂ ಮುಳುಗಿಸಿತು. ಹೊರಗೆ ಇನ್ನೂ ಹಗಲಿತ್ತೇ, ಇಲ್ಲ ಅಷ್ಟರಲ್ಲಿ ಹೊತ್ತು ಮುಳುಗಿತ್ತೇ? ಅವನು ಕಿಟಕಿಯತ್ತ ನೋಡಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಹೇಳುತ್ತಿರುವ ಮಾತುಗಳ ಆಚೆ ಯಾರೋ ನಿಂತು ಕೇಳಿಸಿಕೊಳ್ಳುತ್ತಿರುವ ಹಾಗೆ ಅನ್ನಿಸಿತ್ತು, ಬೀದಿಯಾಚೆ, ಗಾಳಿಯ ದಿಕ್ಕು ನೋಡಿಕೊಂಡು.

ಆಮೇಲೆ ಕೇಕು ಬಂತು, ಸೀಸೆ ಬಂತು. ಹತ್ತು ಪುಟ್ಟ ಲೋಟಗಳು. ಸತ್ತವನ ಆತ್ಮ ಮೇಲಕ್ಕೇರಲೆಂದು ಹರಸಿ ಕುಡಿಯುವುದು, ಸತ್ತವನ ಬಗ್ಗೆ ಎರಡು ಮಾತು ಕೇಳುವುದು ಪದ್ಧತಿ. ಪ್ರತಿವರ್ಷವೂ ಅವಿಗ್ದೋರ್ 'ತೊಗಲಿನ ಕಾಗದದ ವ್ಯವಹಾರ ಮಾಡಿಕೊಂಡಿದ್ದ ಸಾಧು ಮನುಷ್ಯ' ಎನ್ನುತ್ತಿದ್ದ; ಜನ ತಲೆದೂಗಿ ಇನ್ನೊಂದು ತುಂಡು ಕೇಕು ತೆಗೆದುಕೊಳ್ಳುತ್ತಿದ್ದರು.

"ರೆಬ್ ಫಾಲಿಕ್ ಹೊಸಬರಾದ್ರಲ್ಲ ಇವತ್ತು," ಗೆತ್ಸಲ್ ಹರ್ಷದಲ್ಲಿದ್ದ, ಎರಡನೆಯ ಲೋಟದಲ್ಲೂ ಇದ್ದ. "ಬರಲ್ಲ ಬರಲ್ಲ ಅಂದವರು ಹೆಂಗೆ ಬಂದ್ರಿ?"

"ಅವರ ತಂದೆ ನನಗೆ ಗೊತ್ತಿದ್ದವರು," ಎಂದ ಫಾಲಿಕ್. ಅವನು ನಾಲ್ಕು ಮೊಳದಾಚೆಯೇ ನಿಂತಿದ್ದ. ಲೋಟವನ್ನು ಯಾರೋ ಕೈ ಚಾಚಿ ಕೊಟ್ಟಿದ್ದರು. "ಚಿಕ್ಕವನಿದ್ದಾಗ. ನಮ್ಮ ಮನೆಗೆ ದಿನಾ ಬರೋರು. ಒಂದು ದಿನವೂ ಬರಿಗೈಲಿ ಬಂದವರಲ್ಲ."

"ಹೌದಾ! ಹನ್ನೊಂದು ವರ್ಷ ಬಾಯಿ ಬಿಡಲಿಲ್ವಲ್ರೀ!" ಖೊನೆಯ ನೆಗಡಿ ಮಾಯವಾಗಿತ್ತು. "ಏನು ತರ್ತಿದ್ರು?"

ಫಾಲಿಕ್ ಲೋಟದೊಳಗೆ ನೋಡಿದ. "ಅದನ್ನ ಮಗ ಹೇಳಿದ್ರೇ ಚೆನ್ನ."

ಎಂಟು ಮುಖಗಳು ಅವಿಗ್ದೋರನತ್ತ ತಿರುಗಿದವು, ಬಾಯಲ್ಲಿ ಕೇಕಿಟ್ಟುಕೊಂಡು. ಈ ಮುಖಗಳಿಗೆ ತಾನು ಅಂಜಿದ್ದೆನೇ? ಈ ಎಂಟಕ್ಕೆ? ವಿಲ್ನಾದಲ್ಲಿ ಯಾರಿಗೆ ಅಂಜಿದ್ದನೋ ಅವರೆಲ್ಲ ಸತ್ತಿದ್ದರು, ಇಲ್ಲವೇ ಅಮೆರಿಕದಲ್ಲಿ ಅಂಗಿಯ ಗುಂಡಿ ಮಾರುತ್ತಿದ್ದರು. ಗೋಡೆಗೆ ಮುಖಮಾಡಿ ನಿಂತ ಬೆನ್ನೊಂದು ಕಣ್ಣಮುಂದೆ ಬಂತು. ಒಂದು ಶಬ್ದ, ಅಷ್ಟೇ. ಮಧ್ಯಾಹ್ನ ಒಮ್ಮೆ ಹೇಳಿದ್ದಾಗಿತ್ತು, ನಾಲಿಗೆ ಉದುರಿ ಬಿದ್ದಿರಲಿಲ್ಲ.

"ನಾಯಿ ಹೇಲು," ಎಂದ ಅವಿಗ್ದೋರ್ ಸ್ಪಷ್ಟವಾಗಿ.

ಖೊನೆ ಕೇಕಿನ ಪುಡಿಯನ್ನು ಮೇಜಿನ ತುಂಬ ಉಗುಳಿದ. ಮಂದಿರ ಸಿಡಿಯಿತು. ಅಣ್ಣ ತಮ್ಮನ ಬೆನ್ನಿಗೆ ಹೊಡೆದ. ಹದಿನಾಲ್ಕು ವರ್ಷಗಳ ಮೇಲೆ ಮುಟ್ಟಿದ್ದು ತಮ್ಮನನ್ನೇ ಎಂಬುದು ಹೊಡೆದ ಮೇಲೆ ತಿಳಿಯಿತು. "ಅಯ್ಯೋ ರೆಬ್ಬೆ!" ಗೆತ್ಸಲ್ ಮೇಜು ಹಿಡಿದುಕೊಂಡು ಬಾಗಿದ್ದ, ಕಣ್ಣಲ್ಲಿ ನೀರು. "ಏನು ನಾಲಿಗೆ ರೀ ನಿಮ್ಮದು! ತಂದೆಯ ದಿನವೂ ಬಿಡಲ್ವಲ್ಲ ಬಡಪಾಯಿನ! ಮೇಘಸ್ತಂಭ ಏನೇನೂ ಅಲ್ಲ ಇದರ ಮುಂದೆ!" ಹಿಟ್ಟಿನ ವ್ಯಾಪಾರಿ ಏನು, ಏನಂದ್ರು ಎಂದು ಪಕ್ಕದವನ ತೋಳು ಎಳೆಯುತ್ತಿದ್ದ. ಪಕ್ಕದವನು ಅವನ ಕಿವಿಗೆ ಬಾಯಿಟ್ಟು ಕೂಗಿದ: "ಫಾಲಿಕ್‌ನ ಮನೆಗೆ ಉಡುಗೊರೆಯಂತೆ! ನಾಯೀದು!"

ಫಾಲಿಕ್ ಒಬ್ಬನೇ ನಗುತ್ತಿರಲಿಲ್ಲ. ಅವನು ಅವಿಗ್ದೋರನನ್ನೇ ನೋಡುತ್ತ ಕಾಯುತ್ತಿದ್ದ. ಇನ್ನೊಮ್ಮೆ ಹೇಳಿದರೆ ಸಾಕು. ತಮಾಷೆಯಲ್ಲ, ನಿಜ, ನನ್ನ ಅಪ್ಪ ಬಕೆಟ್ಟು ಹೊತ್ತ, ಎಂದು ಎರಡನೆಯ ಸಲ ಹೇಳಿದರೆ ಇವರೂ ನಂಬುತ್ತಾರೆ, ಇಷ್ಟು ಪೆದ್ದರಲ್ಲ ಇವರು. ಅವಿಗ್ದೋರ್ ಬಾಯಿ ತೆರೆದ. ಆಗ, ಕೆನ್ನೆಯ ಬಿಗಿತದಿಂದ, ತನ್ನ ಮುಖದ ಮೇಲೆ ಒಂದು ನಗೆ ಬಂದು ಕೂತಿರುವುದು ಅವನಿಗೆ ತಿಳಿಯಿತು. ಅವನು ಕರೆದಿರಲಿಲ್ಲ, ಅದೇ ಬಂದಿತ್ತು, ಇಷ್ಟು ವರ್ಷಗಳ ರೂಢಿಯಿಂದ, ಚೆನ್ನಾಗಿ ಹೊಡೆದ ಮಾತಿನ ಹಿಂದೆ ಬರುವ ಆ ವಿನಯದ ಕಿರುನಗೆ. ಜನ ಅದನ್ನು ನೋಡಿ ಮತ್ತಷ್ಟು ನಕ್ಕರು. ಅವನು ಅದನ್ನು ತೆಗೆಯಲು ನೋಡಿದ. ಅದು ಹೋಗಲಿಲ್ಲ.

ಫಾಲಿಕ್ ಲೋಟ ಎತ್ತಿ, ನಗುವಿನ ನಡುವೆ ಯಾರಿಗೂ ಕೇಳಿಸದ ದನಿಯಲ್ಲಿ, "ರೆಬ್ ಯೆಖೀಯೇಲ್ ಅವರ ಆತ್ಮ ಮೇಲಕ್ಕೇರಲಿ" ಎಂದು ಹೇಳಿ, ಒಂದೇ ಗುಟುಕಿಗೆ ಕುಡಿದ.